ವಿಂಡೋಸ್ ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಫಾರ್ಮ್ಯಾಟ್‌ಗೆ ಮೊದಲು ಮಾಡಬೇಕಾದ ಕೆಲಸ

ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ, ತೆರಿಗೆ ಲೆಕ್ಕ ಬರೆಯುವವರ ಕಚೇರಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಮತ್ತು ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವುದು ನನ್ನ ಕಸುಬು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಗಿನಿಂದ, ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಲು ಹೋಗಿ ಅರ್ಧಕ್ಕೆ ನಿಂತ ಯಂತ್ರಗಳು ನನ್ನ ಬಳಿ ಬರುವುದು ಹೆಚ್ಚಾಗಿದೆ. ತರುವವರು ಬಹಳಷ್ಟು ಸಲ ಯಾರೋ ಹೇಳಿದ ಒಂದು ಮಾತನ್ನೂ ಜೊತೆಗೆ ತಂದಿರುತ್ತಾರೆ: "ಫಾರ್ಮ್ಯಾಟ್ ಹೊಡೆದುಬಿಡಿ, ಎಲ್ಲ ಸರಿಹೋಗುತ್ತದೆ."

ಆ ಮಾತನ್ನು ನಾನು ಒಪ್ಪುವುದಿಲ್ಲ. ಅಪ್‌ಗ್ರೇಡ್ ಕೈಕೊಟ್ಟಾಗ ವಿಂಡೋಸ್ ತಾನು ಎಲ್ಲಿ ಎಡವಿದೆ ಎಂಬುದನ್ನು ಬರೆದಿಟ್ಟಿರುತ್ತದೆ, ಹಳೆಯ ವ್ಯವಸ್ಥೆಯನ್ನು ಪಕ್ಕಕ್ಕೆ ಎತ್ತಿಟ್ಟಿರುತ್ತದೆ, ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿಯೇ ಅದನ್ನು ಮತ್ತೆ ಜಾಗಕ್ಕೆ ತಂದು ಕೂರಿಸುತ್ತದೆ. ಇಷ್ಟೆಲ್ಲ ಇರುವಾಗ ಡಿಸ್ಕನ್ನು ಅಳಿಸಿ ಹೊಸದಾಗಿ ಶುರುಮಾಡುವುದೆಂದರೆ ರೋಗ ಯಾವುದೆಂದು ಕೇಳದೆ ಶಸ್ತ್ರಚಿಕಿತ್ಸೆಗೆ ಕೈಹಾಕಿದ ಹಾಗೆ. ಫಾರ್ಮ್ಯಾಟ್ ಕೂಡ ಒಂದು ಔಷಧವೇ, ಆದರೆ ಅದರ ಸರದಿ ಕಟ್ಟಕಡೆಯದು.

ಮುಂದೆ ಬರುವ ಆಜ್ಞೆಗಳನ್ನು, ಫೋನಿನಲ್ಲಿ ಒಬ್ಬರಿಗೆ ಓದಿ ಹೇಳುವ ಹಾಗೆ ಕನ್ನಡದಲ್ಲಿಯೇ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು. "ಸ್ಲ್ಯಾಶ್" ಎಂದಿರುವ ಕಡೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆಯನ್ನು, ಅದರ ಹಿಂದೆ ಒಂದು ಖಾಲಿ ಜಾಗ ಬಿಟ್ಟು, ಹಾಕಬೇಕು. "ಅಡ್ಡಗೆರೆ" ಎಂದಿರುವ ಕಡೆ ಹೈಫನ್ನನ್ನು, ಹಿಂದೆ ಮುಂದೆ ಜಾಗ ಬಿಡದೆ, ಹಾಕಬೇಕು.

ಮೊದಲು ಕಾಯಿರಿ

ಪರದೆಯ ಮೇಲೆ ಶೇಕಡಾವಾರು ಅಂಕಿ ಒಂದೇ ಕಡೆ ನಿಂತಿದ್ದರೆ ಅಪ್‌ಗ್ರೇಡ್ ನಿಂತುಹೋಗಿದೆ ಎಂದು ಅರ್ಥವಲ್ಲ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಒಂದು ಗಂಟೆಯೊಳಗೆ ಮುಗಿಯುವ ಕೆಲಸ, ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ನಾಲ್ಕೈದು ಗಂಟೆ ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿರುವ ಡಿಸ್ಕಿನ ಸಣ್ಣ ದೀಪ ಮಿನುಗುತ್ತಿರುವವರೆಗೂ ಪವರ್ ಬಟನ್ ಮುಟ್ಟಬೇಡಿ. ಪರದೆ ಪೂರ್ತಿ ಕಪ್ಪಾಗಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಅದು ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಪರದೆಯ ಭಾಗವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶವನ್ನು, ಮಾತ್ರ ಮರುಚಾಲನೆ ಮಾಡುತ್ತದೆ, ಕೆಲವೊಮ್ಮೆ ಅಷ್ಟರಿಂದಲೇ ಪರದೆ ಮರಳುತ್ತದೆ. ದೀಪವೂ ಮಿನುಗದೆ, ಡಿಸ್ಕಿನ ಸದ್ದೂ ಇಲ್ಲದೆ ಎರಡು ಮೂರು ಗಂಟೆ ಕಳೆದ ಮೇಲೆಯೇ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿಹಿಡಿದು ಆರಿಸಬೇಕು.

ನಮ್ಮ ಕಡೆ ಇದಕ್ಕಿಂತ ದೊಡ್ಡ ತೊಂದರೆ ಕರೆಂಟು. ಹಾರ್ಡ್ ಡಿಸ್ಕಿಗೆ ಕಡತಗಳು ಬರೆಯಲ್ಪಡುತ್ತಿರುವ ಹೊತ್ತಿಗೆ ವಿದ್ಯುತ್ ಹೋದರೆ, ಹಿಂದಕ್ಕೆ ಮರಳುವ ದಾರಿಯೂ ಕೆಡಬಹುದು. ಡೆಸ್ಕ್‌ಟಾಪ್ ಆಗಿದ್ದರೆ ಯುಪಿಎಸ್ ಬ್ಯಾಟರಿ ನಿಜವಾಗಿ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಮೊದಲೇ ಪರೀಕ್ಷಿಸಿ. ಎರಡು ಮೂರು ವರ್ಷ ಹಳೆಯದಾದ ಬ್ಯಾಟರಿ ಐದು ನಿಮಿಷವೂ ನಿಲ್ಲದಿರುವುದು ಸಾಮಾನ್ಯ. ಇನ್ವರ್ಟರ್ ಇರುವ ಮನೆಯಲ್ಲಿ ಯಂತ್ರವನ್ನು ಆ ಸಾಲಿಗೆ ಜೋಡಿಸಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿಯೇ ಇರಲಿ. ಹಗಲಿನಲ್ಲಿ ವೋಲ್ಟೇಜ್ ಏರಿಳಿಯುವ ಹಳ್ಳಿಗಳಲ್ಲಿ ಈ ಕೆಲಸವನ್ನು ರಾತ್ರಿ ಊಟವಾದ ಮೇಲೆ ಶುರುಮಾಡುವಂತೆ ನಾನು ಹೇಳುತ್ತೇನೆ.

ಎಲ್ಲಿ ಎಡವಿದೆ ಎಂದು ಓದುವ ಬಗೆ

ಅಪ್‌ಗ್ರೇಡ್ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತ ಹಳೆಯ ವಿಂಡೋಸ್ ಒಳಗೇ ನಡೆಯುವಂಥದ್ದು; ಅಲ್ಲಿ ಕಡತಗಳು ಇಳಿಯುತ್ತವೆ, ಯಂತ್ರ ತಕ್ಕುದೇ ಎಂಬ ಪರೀಕ್ಷೆ ನಡೆಯುತ್ತದೆ, ಮತ್ತು ಇಲ್ಲಿ ಸೋತರೆ ಹಳೆಯ ವ್ಯವಸ್ಥೆಗೆ ಏನೂ ಆಗಿರುವುದಿಲ್ಲ. ಎರಡನೆಯ ಹಂತದಲ್ಲಿ ಯಂತ್ರ ಮರುಚಾಲನೆಗೊಂಡು ಒಂದು ಪುಟ್ಟ ತಾತ್ಕಾಲಿಕ ವಿಂಡೋಸ್ ಮೂಲಕ ಹಳೆಯದನ್ನು ಸರಿಸಿ ಹೊಸದನ್ನು ಹರಡುತ್ತದೆ. ಮೂರನೆಯದರಲ್ಲಿ ಹೊಸ ವಿಂಡೋಸ್ ಮೊದಲ ಸಲ ಏಳುತ್ತದೆ, ಡ್ರೈವರ್‌ಗಳು ಕೂರುತ್ತವೆ. ನಾಲ್ಕನೆಯದರಲ್ಲಿ ನಿಮ್ಮ ಸೆಟ್ಟಿಂಗ್‌ಗಳು, ತಂತ್ರಾಂಶಗಳು, ಕಡತಗಳು ಹೊಸ ಮನೆಗೆ ವರ್ಗವಾಗುತ್ತವೆ. ಎರಡು, ಮೂರು, ನಾಲ್ಕರಲ್ಲಿ ಎಲ್ಲಿ ಎಡವಿದರೂ ಸೆಟಪ್ ತಾನೇ ಹಳೆಯದಕ್ಕೆ ಹಿಂದಿರುಗಲು ಯತ್ನಿಸುತ್ತದೆ.

ಹಿಂದಿರುಗಿದ ಮೇಲೆ ಪರದೆಯಲ್ಲಿ ಒಂದು ದೋಷ ಸಂಕೇತ ಕಾಣುತ್ತದೆ. ಅದನ್ನು ಮುಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮುಚ್ಚಿಬಿಟ್ಟಿದ್ದರೂ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅಪ್‌ಡೇಟ್ ಹಿಸ್ಟರಿ ತೆರೆದರೆ ಅದು ಸಿಗಬಹುದು. ಹಲವು ಬಾರಿ ಸಂಕೇತ ಎರಡು ತುಂಡುಗಳಾಗಿ ಇರುತ್ತದೆ: ಮೊದಲನೆಯದು ಕಾರಣದ ಜಾತಿಯನ್ನು ಹೇಳಿದರೆ ಎರಡನೆಯದು ಜಾಗವನ್ನು ಹೇಳುತ್ತದೆ. ಎರಡನೆಯ ತುಂಡಿನಲ್ಲಿ ಎಕ್ಸ್ ಅಕ್ಷರದ ನಂತರ ಬರುವ ಮೊದಲ ಅಂಕಿಯೇ ಹಂತದ ಸಂಖ್ಯೆ. ಉದಾಹರಣೆಗೆ 0ಎಕ್ಸ್‌ಸಿ1900101 ಎಂಬುದರ ಪಕ್ಕದಲ್ಲಿ 0ಎಕ್ಸ್20017 ಎಂದಿದ್ದರೆ ಎರಡನೆಯ ಹಂತದಲ್ಲಿ, 0ಎಕ್ಸ್30018 ಎಂದಿದ್ದರೆ ಮೂರನೆಯ ಹಂತದಲ್ಲಿ, 0ಎಕ್ಸ್4000ಡಿ ಎಂದಿದ್ದರೆ ನಾಲ್ಕನೆಯ ಹಂತದಲ್ಲಿ ಸೋತಿದೆ ಎಂದು ತಿಳಿಯಬೇಕು.

0ಎಕ್ಸ್‌ಸಿ1900101 ಸಾಮಾನ್ಯವಾಗಿ ಡ್ರೈವರ್ ತಕರಾರು. 0ಎಕ್ಸ್80070070 ಎಂದರೆ ಡಿಸ್ಕಿನಲ್ಲಿ ಜಾಗ ಸಾಲದು. 0ಎಕ್ಸ್‌ಸಿ1900208 ಎಂದರೆ ಹೊಂದದ ತಂತ್ರಾಂಶವೊಂದು ಅಡ್ಡ ನಿಂತಿದೆ, 0ಎಕ್ಸ್‌ಸಿ1900200 ಎಂದರೆ ಯಂತ್ರವೇ ಕನಿಷ್ಠ ಅರ್ಹತೆ ಹೊಂದಿಲ್ಲ. 0ಎಕ್ಸ್‌ಸಿ1900107 ಬಂದರೆ ಹಿಂದಿನ ಪ್ರಯತ್ನದ ಅವಶೇಷ ಇನ್ನೂ ತೆರವಾಗಿಲ್ಲವೆಂದು ಅರ್ಥ. ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಯತ್ನಿಸಿದರೆ ಬಹುಪಾಲು ಸಾಕಾಗುತ್ತದೆ.

ಸಂಕೇತ ಸ್ಪಷ್ಟವಾಗದಿದ್ದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಲಾಗ್ಸ್, ಅದರೊಳಗೆ ಸೆಟಪ್‌ಡಯಾಗ್ ಎಂಬ ಫೋಲ್ಡರ್ ಇದೆಯೇ ನೋಡಿ. ಸೆಟಪ್‌ಡಯಾಗ್ ಎಂಬುದು ಸೋಲಿನ ಕಾರಣವನ್ನು ಹುಡುಕುವ ಮೈಕ್ರೋಸಾಫ್ಟಿನದೇ ಪರಿಕರ. ಅದರ ಫಲಿತಾಂಶದ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಡ್ರೈವರ್, ಯಾವ ತಂತ್ರಾಂಶ ಎಂಬ ಹೆಸರು ಸಮೇತ ಸಿಗುವ ಸಂದರ್ಭಗಳಿವೆ. ದಿನಗಟ್ಟಲೆ ಊಹೆ ಮಾಡುವ ಬದಲು ಈ ಒಂದು ಕಡತಕ್ಕೆ ಹತ್ತು ನಿಮಿಷ ಕೊಡುವುದು ಎಷ್ಟೋ ಮೇಲು.

ಎರಡನೆಯ ಪ್ರಯತ್ನಕ್ಕೆ ಮೊದಲು ನಕಲು

ಕಸುಬಿನ ಆರಂಭದ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಕಂಪ್ಯೂಟರ್ ಏಳುತ್ತಿಲ್ಲವೆಂದು ತಂದುಕೊಟ್ಟರು. ಏನಾದರೂ ಉಳಿಸಬೇಕೇ ಎಂದು ಸರಿಯಾಗಿ ಕೇಳದೆಯೇ ನಾನು ಫಾರ್ಮ್ಯಾಟ್ ಮಾಡಿ ಸಂಜೆಗೆ ಒಪ್ಪಿಸಿದೆ. ತಮ್ಮ ಊರಿನ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಪದಗಳನ್ನು ಅವರು ಹಲವು ವರ್ಷಗಳಿಂದ ಕೇಳಿ ಬರೆದು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಡೆಸ್ಕ್‌ಟಾಪ್ ಮೇಲೆಯೇ ಇಟ್ಟುಕೊಂಡಿದ್ದರು. ಹಾಡಿದವರಲ್ಲಿ ಅನೇಕರು ಆಗಲೇ ತೀರಿಕೊಂಡಿದ್ದರು. ಮೇಷ್ಟ್ರು ನನ್ನನ್ನು ಬೈಯಲಿಲ್ಲ, ಹೋಗಲಿ ಬಿಡಿ ಎಂದಷ್ಟೇ ಅಂದರು. ಆ ದಿನದಿಂದ ಯಾರ ಯಂತ್ರ ಬಂದರೂ ಮೊದಲು ನಕಲು, ಆಮೇಲೆ ಸ್ಕ್ರೂಡ್ರೈವರ್ ಎಂಬ ಕ್ರಮವನ್ನು ನಾನು ಬಿಟ್ಟಿಲ್ಲ.

ಹಳೆಯ ವಿಂಡೋಸ್ ಮರಳಿ ಬಂದಿದ್ದರೆ, ಅದು ಕೆಲಸ ಮಾಡುತ್ತಿರುವಾಗಲೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಎತ್ತಿಕೊಳ್ಳಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೊಗಳು ಎಲ್ಲರಿಗೂ ನೆನಪಾಗುತ್ತವೆ, ಮರೆತುಹೋಗುವುದು ಬೇರೆಯವೇ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬಳಸುವವರು ಕಂಪನಿಯ ಡೇಟಾ ಯಾವ ಫೋಲ್ಡರಿನಲ್ಲಿದೆ ಎಂದು ಟ್ಯಾಲಿಯ ಒಳಗೇ ನೋಡಿ ಆ ಫೋಲ್ಡರನ್ನು ಪೂರ್ತಿಯಾಗಿ ನಕಲಿಸಬೇಕು, ಏಕೆಂದರೆ ಅದು ಡಾಕ್ಯುಮೆಂಟ್ಸ್ ಒಳಗೆ ಇರಲೇಬೇಕೆಂದಿಲ್ಲ. ಬ್ರೌಸರಿನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು, ಔಟ್‌ಲುಕ್ ಅಂಚೆಯ ಕಡತ ಇವನ್ನೂ ಎತ್ತಿಕೊಳ್ಳಿ, ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳ ಮಾದರಿ ಸಂಖ್ಯೆ ಬರೆದಿಟ್ಟುಕೊಳ್ಳಿ. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಹಳೆಯ ಕಾಲದ ಕಡತಗಳಿರುವವರು ಸಿ ಡ್ರೈವಿನ ವಿಂಡೋಸ್ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಬೇಕು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯುನಿಕೋಡ್ ಪದ್ಧತಿಯಲ್ಲಿ ಇಲ್ಲದ ಆ ಕಡತಗಳು ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ತಿಳಿದು ಅಳಿಸಿದವರೂ ಇದ್ದಾರೆ.

ನಕಲು ಮಾಡುವಾಗ ಡಿಸ್ಕ್ ಬಹಳ ನಿಧಾನವಾಗಿದ್ದರೆ ಅಥವಾ ಟಕ್ ಟಕ್ ಎಂಬ ಸದ್ದು ಬಂದರೆ ಅಪ್‌ಗ್ರೇಡಿನ ವಿಚಾರವನ್ನೇ ಪಕ್ಕಕ್ಕಿಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲಿ ತೋರಿಸುತ್ತದೆ. ಹಳದಿ ಅಥವಾ ಕೆಂಪು ಬಂದರೆ ಮೊದಲು ದತ್ತಾಂಶವನ್ನು ಹೊರತೆಗೆದು, ಡಿಸ್ಕ್ ಬದಲಿಸಿ, ಆಮೇಲೆ ಮುಂದಿನ ಮಾತು. ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಎಂಬ ವಿಂಡೋಸ್‌ನ ಡಿಸ್ಕ್ ತಪಾಸಣೆಯನ್ನು ಓಡಿಸುವುದು ಉಳಿದಿರುವ ಜೀವವನ್ನೂ ತೆಗೆದಂತೆ.

ಯಂತ್ರ ಹಳೆಯ ವಿಂಡೋಸ್‌ಗೆ ಮರಳಿದ್ದರೆ

ಯುಎಸ್‌ಬಿಗೆ ಚುಚ್ಚಿರುವ ಎಲ್ಲವನ್ನೂ ಕಿತ್ತುಬಿಡಿ. ಪೆನ್‌ಡ್ರೈವ್, ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ಮೆಮೊರಿ ಕಾರ್ಡ್ ಯಾವುದೂ ಬೇಡ, ಕೀಬೋರ್ಡ್ ಮತ್ತು ಮೌಸ್ ಸಾಕು. ಸಿ ಡ್ರೈವಿನಲ್ಲಿ ಕನಿಷ್ಠ 30 ಜಿಬಿ ಖಾಲಿ ಇರುವಂತೆ ನೋಡಿಕೊಳ್ಳಿ. ಇದು ನನ್ನ ಅನುಭವದ ಅಂಕಿ, ಇದಕ್ಕಿಂತ ಕಡಿಮೆಯಲ್ಲೂ ನಡೆದೀತು, ಆದರೆ ಬಿಗಿಯಾಗುತ್ತದೆ. ಡಿಸ್ಕ್ ಕ್ಲೀನಪ್ ಓಡಿಸಿ, ಡೌನ್‌ಲೋಡ್ಸ್‌ನಲ್ಲಿರುವ ವಿಡಿಯೊಗಳನ್ನು ಬೇರೆ ಡ್ರೈವಿಗೆ ಸರಿಸಿ. ಹೊರಗಿನ ಕಂಪನಿಯ ಆಂಟಿವೈರಸ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು ಸಾಲದು, ಲೈಸೆನ್ಸ್ ಸಂಖ್ಯೆ ಬರೆದಿಟ್ಟುಕೊಂಡು ಅನ್‌ಇನ್‌ಸ್ಟಾಲ್ ಮಾಡಿ. ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ.

ಮೊದಲ ಹಂತದಲ್ಲೇ ಸೋಲುತ್ತಿದ್ದರೆ ಅಥವಾ ಕಡತ ಕೆಟ್ಟಿದೆ ಎಂಬ ಸೂಚನೆ ಬಂದರೆ ಹಳೆಯ ವಿಂಡೋಸನ್ನು ಮೊದಲು ರಿಪೇರಿ ಮಾಡಬೇಕು. ಸ್ಟಾರ್ಟ್ ಗುಂಡಿಯ ಪಕ್ಕದ ಹುಡುಕುವ ಜಾಗದಲ್ಲಿ ಸಿಎಂಡಿ ಎಂದು ಟೈಪ್ ಮಾಡಿ, ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲ ಆಜ್ಞೆ: ಡಿಐಎಸ್‌ಎಂ ಸ್ಲ್ಯಾಶ್ ಆನ್‌ಲೈನ್ ಸ್ಲ್ಯಾಶ್ ಕ್ಲೀನಪ್ ಅಡ್ಡಗೆರೆ ಇಮೇಜ್ ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಇದಕ್ಕೆ ಇಂಟರ್ನೆಟ್ ಬೇಕು, ಮತ್ತು ನಡುವೆ ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತಂತೆ ಕಂಡರೂ ಕಿಟಕಿ ಮುಚ್ಚಬಾರದು. ಅದು ಮುಗಿದ ಮೇಲೆ ಎರಡನೆಯದು: ಎಸ್‌ಎಫ್‌ಸಿ ಸ್ಲ್ಯಾಶ್ ಸ್ಕ್ಯಾನ್‌ನೌ. ಈ ಕ್ರಮ ಮುಖ್ಯ. ಮೊದಲನೆಯದು ಉಗ್ರಾಣವನ್ನು ಸರಿಪಡಿಸುತ್ತದೆ, ಎರಡನೆಯದು ಆ ಉಗ್ರಾಣದಿಂದ ಒಳ್ಳೆಯ ಕಡತಗಳನ್ನು ತೆಗೆದು ಕೆಟ್ಟವುಗಳ ಜಾಗಕ್ಕೆ ಹಾಕುತ್ತದೆ. ಉಗ್ರಾಣದಲ್ಲೇ ಕಾಳು ಹುಳು ಹಿಡಿದಿದ್ದರೆ ಎರಡನೆಯದರಿಂದ ಫಲವಿಲ್ಲ.

ಡೌನ್‌ಲೋಡ್ ಪದೇ ಪದೇ ಒಂದೇ ಕಡೆ ನಿಲ್ಲುತ್ತಿದ್ದರೆ ಸರ್ವೀಸಸ್ ಕಿಟಕಿಯಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಎಂಬ ಎರಡು ಸೇವೆಗಳನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಯಂತ್ರವನ್ನು ಮರುಚಾಲನೆ ಮಾಡಿ. ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಮೊದಲಿನಿಂದ ಇಳಿಸುತ್ತದೆ. ಗಡಿಯಾರದ ದಿನಾಂಕವೂ ಸರಿಯಿದೆಯೇ ನೋಡಿ. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ ಪ್ರತಿ ಸಲ ಆರಿಸಿದಾಗಲೂ ದಿನಾಂಕ ಹಿಂದಕ್ಕೆ ಹೋಗುತ್ತದೆ, ದಿನಾಂಕ ತಪ್ಪಿದರೆ ಅಪ್‌ಡೇಟ್ ಸರ್ವರಿನ ಪ್ರಮಾಣಪತ್ರವನ್ನು ಯಂತ್ರ ನಂಬುವುದಿಲ್ಲ. ಹಾಗೆಯೇ ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ತಂತ್ರಾಂಶದ ಸೆಟ್ಟಿಂಗ್‌ಗಳೂ ಮೂಲಸ್ಥಿತಿಗೆ ಮರಳಿಬಿಡಬಹುದು. ವಾರಗಟ್ಟಲೆ ಕಾಡಿದ ಯಂತ್ರವೊಂದು ಸೆಲ್ ಬದಲಿಸಿದ ಮೇಲೆ ಒಂದೇ ಪ್ರಯತ್ನಕ್ಕೆ ಅಪ್‌ಗ್ರೇಡ್ ಆದದ್ದನ್ನು ನಾನು ಮರೆತಿಲ್ಲ.

ಸಂಕೇತ ಡ್ರೈವರ್ ಕಡೆ ಬೆರಳು ತೋರಿಸಿದರೆ, ಯಂತ್ರ ತಯಾರಿಸಿದ ಕಂಪನಿಯ ಜಾಲತಾಣದಿಂದ ನಿಮ್ಮ ಮಾದರಿಯದೇ ಗ್ರಾಫಿಕ್ಸ್, ವೈಫೈ ಮತ್ತು ಸ್ಟೋರೇಜ್ ಡ್ರೈವರ್‌ಗಳನ್ನೂ ಹೊಸ ಬಯೋಸನ್ನೂ ಹಾಕಿ. ಡ್ರೈವರ್‌ಗಳನ್ನು ತಾನೇ ಹುಡುಕಿ ಹಾಕುತ್ತೇನೆಂದು ಜಾಹೀರಾತು ಮಾಡುವ ತಂತ್ರಾಂಶಗಳ ಬಳಿ ಸುಳಿಯಬೇಡಿ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಇರುವ ಸಾಧನವನ್ನು, ವರ್ಷಗಳ ಹಿಂದೆ ಬಳಸಿ ಬಿಟ್ಟ ಡಾಂಗಲ್ ಅಥವಾ ಟೋಕನ್ನಿನ ತಂತ್ರಾಂಶವನ್ನು ತೆಗೆದುಹಾಕಿ. ನಮ್ಮ ಭಾಗದ ಲೆಕ್ಕಪತ್ರದ ಕಚೇರಿಗಳಲ್ಲಿ ಒಂದೇ ಯಂತ್ರದಲ್ಲಿ ಮೂರು ನಾಲ್ಕು ಕಂಪನಿಗಳ ಟೋಕನ್ ತಂತ್ರಾಂಶಗಳು ಒಂದರ ಮೇಲೊಂದು ಕೂತಿರುವುದನ್ನು ಕಾಣುತ್ತೇನೆ. ಬಳಕೆಯಲ್ಲಿರುವ ಒಂದನ್ನು ಅಪ್‌ಗ್ರೇಡ್ ಆದ ಮೇಲೆ ಹೊಸದಾಗಿ ಹಾಕಿಕೊಂಡರೆ ಸಾಕು. ಹಳೆಯ ರ‍್ಯಾಮ್ ಜೊತೆಗೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸೇರಿಸಿರುವ ಯಂತ್ರವಾದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ದೋಷ ಕಂಡರೆ ಒಂದೊಂದೇ ಕಡ್ಡಿ ಹಾಕಿ ಪರೀಕ್ಷಿಸಿ. ಮಂಡಿಗಳಲ್ಲಿ ತೆಂಗಿನ ನಾರಿನ ಧೂಳು ಕ್ಯಾಬಿನೆಟ್ಟಿನೊಳಗೆ ಹತ್ತಿಯಂತೆ ಕೂತಿರುತ್ತದೆ, ಆ ಧೂಳಿನಿಂದ ಪ್ರೊಸೆಸರ್ ಕಾದು ಅಪ್‌ಗ್ರೇಡ್ ನಡುವೆ ಯಂತ್ರವೇ ಆರಿಹೋಗುತ್ತದೆ. ಬ್ಲೋವರ್ ಹಿಡಿದು ಊದಿಸುವುದೂ ಇಲ್ಲಿ ತಂತ್ರಾಂಶದ ರಿಪೇರಿಯಷ್ಟೇ ಮುಖ್ಯ.

ಇಷ್ಟಾದ ಮೇಲೆ ವಿಂಡೋಸ್ ಅಪ್‌ಡೇಟ್ ಮೂಲಕ ಅಲ್ಲದೆ ಐಎಸ್‌ಒ ಕಡತದ, ಅಂದರೆ ಇಡೀ ವಿಂಡೋಸ್ ಸೆಟಪ್ ಅಡಗಿರುವ ಒಂದೇ ಕಡತದ, ಮೂಲಕ ಪ್ರಯತ್ನಿಸುವುದನ್ನೇ ನಾನು ಮೆಚ್ಚುತ್ತೇನೆ. ಅದನ್ನು ಮೈಕ್ರೋಸಾಫ್ಟಿನ ಜಾಲತಾಣದಿಂದ ಮಾತ್ರ ಇಳಿಸಿ. ಕಡತ 5 ಜಿಬಿಗಿಂತ ದೊಡ್ಡದು, ಹಾಗಾಗಿ ದಿನಕ್ಕೆ ಒಂದೂವರೆ ಎರಡು ಜಿಬಿ ಮಿತಿಯಿರುವ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಲು ಹೋದರೆ ನಡುವೆ ವೇಗ ಸತ್ತು ಕಡತ ಅರೆಬರೆಯಾಗುವ ಸಂಭವವಿದೆ. ಫೈಬರ್ ಸಂಪರ್ಕವಿರುವ ಪರಿಚಿತರ ಮನೆಯಲ್ಲಿ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬನ್ನಿ. ಪೆನ್‌ಡ್ರೈವ್ ಎಫ್‌ಎಟಿ32 ರೂಪದಲ್ಲಿದ್ದರೆ 4 ಜಿಬಿ ಮೀರಿದ ಒಂದೇ ಕಡತ ಅದರಲ್ಲಿ ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾಡಿಕೊಂಡಿರಬೇಕು. ಐಎಸ್‌ಒ ಕಡತವನ್ನು ಯಂತ್ರಕ್ಕೆ ನಕಲಿಸಿ, ಡಬಲ್ ಕ್ಲಿಕ್ ಮಾಡಿದರೆ ಅದು ಒಂದು ಡ್ರೈವಿನಂತೆ ತೆರೆಯುತ್ತದೆ. ಒಳಗಿರುವ ಸೆಟಪ್ ಓಡಿಸಿ, ಅಪ್‌ಡೇಟ್ ಇಳಿಸುವ ಪ್ರಶ್ನೆಗೆ ಈಗ ಬೇಡವೆಂದು ಹೇಳಿ, ಕಡತ ಮತ್ತು ತಂತ್ರಾಂಶಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಆರಿಸಿ. ಆ ಆಯ್ಕೆ ಮಸುಕಾಗಿ ಕಂಡು ಆರಿಸಲು ಬಾರದಿದ್ದರೆ ಅಲ್ಲಿಯೇ ನಿಲ್ಲಿ. ಇಳಿಸಿದ ಐಎಸ್‌ಒದ ಭಾಷೆ ಮತ್ತು ಯಂತ್ರದಲ್ಲಿರುವ ವಿಂಡೋಸ್‌ನ ಮೂಲಭಾಷೆ ಹೊಂದದಿದ್ದಾಗ ಹಾಗಾಗುತ್ತದೆ; ಅಮೆರಿಕದ ಇಂಗ್ಲಿಷ್ ಮತ್ತು ಇಂಟರ್‌ನ್ಯಾಷನಲ್ ಇಂಗ್ಲಿಷ್ ಎರಡೂ ಸೆಟಪ್ ಕಣ್ಣಿಗೆ ಬೇರೆ ಬೇರೆ ಭಾಷೆಗಳೇ.

ಯಂತ್ರವೇ ತಕ್ಕುದಲ್ಲ ಎಂದಾಗ

ವಿಂಡೋಸ್ 11ಕ್ಕೆ 64 ಬಿಟ್ಟಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್, ಏಳುವಾಗ ನಂಬಿಗಸ್ತ ತಂತ್ರಾಂಶವನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಸಾಮರ್ಥ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಇಂಟೆಲ್‌ನಲ್ಲಿ ಸ್ಥೂಲವಾಗಿ ಎಂಟನೆಯ ಪೀಳಿಗೆಯಿಂದ ಮೇಲಿನವು ಮಾತ್ರ ಅರ್ಹ. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಯಾವುದು ಕೊರತೆ ಎಂದು ಹೇಳುತ್ತದೆ. ಟಿಪಿಎಂ ಇಲ್ಲವೆಂದು ಹೇಳಿದ ತಕ್ಷಣ ಹೊಸ ಯಂತ್ರ ಕೊಳ್ಳಲು ಓಡಬೇಡಿ. ಹಲವು ಯಂತ್ರಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂದೂ ಅದರ ಹೆಸರು. ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದೆಯೇ ನೋಡಿ, ಇದ್ದರೆ ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ ಮತ್ತು 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಆ ಕೀ ಇಲ್ಲದಿದ್ದರೆ ಬೀಗ ಬಿದ್ದ ಡಿಸ್ಕಿನಿಂದ ಯಾವ ತಂತ್ರಜ್ಞನೂ ಏನನ್ನೂ ತೆಗೆದುಕೊಡಲಾರ. ಎಂಬಿಆರ್ ಪದ್ಧತಿಯ ಹಳೆಯ ಡಿಸ್ಕ್ ಆಗಿದ್ದರೆ ವಿಂಡೋಸ್ ಒಳಗೇ ಇರುವ ಎಂಬಿಆರ್2ಜಿಪಿಟಿ ಎಂಬ ಪರಿಕರ ದತ್ತಾಂಶ ಅಳಿಸದೆ ಅದನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ಪದ್ಧತಿಗೆ ಪರಿವರ್ತಿಸುತ್ತದೆ. ಆದರೂ ನಕಲಿಲ್ಲದೆ ಅದನ್ನು ಓಡಿಸಬೇಡಿ.

ನಿಜವಾಗಿಯೂ ಅನರ್ಹವಾದ ಯಂತ್ರದಲ್ಲಿ ಪರೀಕ್ಷೆಯನ್ನು ತಪ್ಪಿಸಿ ವಿಂಡೋಸ್ 11 ತುರುಕುವ ಉಪಾಯಗಳು ಪ್ರಚಾರದಲ್ಲಿವೆ. ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದಲ್ಲಿ ನಾನು ಅದನ್ನು ಮಾಡಿಕೊಡುವುದಿಲ್ಲ. ಗೃಹಬಳಕೆದಾರರು ನೋಂದಾಯಿಸಿಕೊಂಡರೆ ವಿಂಡೋಸ್ 10ಕ್ಕೆ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಸಿಗುತ್ತವೆ. ಬ್ರೌಸರ್ ಮತ್ತು ಪತ್ರ ಬರೆಯುವುದಷ್ಟೇ ಕೆಲಸವಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿಕೊಡುತ್ತೇನೆ; ಅದರಲ್ಲಿ ಯುನಿಕೋಡ್ ಕನ್ನಡ ಚೆನ್ನಾಗಿಯೇ ಬರುತ್ತದೆ.

ವಿಂಡೋಸ್ ಏಳುವುದೇ ಇಲ್ಲ ಎಂದಾಗ

ಯಂತ್ರ ಲೋಗೊ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ, ಲೋಗೊ ಕಂಡೊಡನೆ ಪವರ್ ಬಟನ್ ಒತ್ತಿಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿ ರಿಪೇರಿ ಪರಿಸರಕ್ಕೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್. ಮೊದಲು ಸ್ಟಾರ್ಟಪ್ ರಿಪೇರಿ, ಅದು ಕೈಚೆಲ್ಲಿದರೆ ಹಿಂದಿನ ಆವೃತ್ತಿಗೆ ಮರಳುವ ಆಯ್ಕೆ, ಅದಿಲ್ಲದಿದ್ದರೆ ಕೊನೆಯ ಅಪ್‌ಡೇಟ್ ತೆಗೆಯುವುದು, ಆಮೇಲೆ ಸಿಸ್ಟಮ್ ರಿಸ್ಟೋರ್. ರೀಸೆಟ್ ದಿಸ್ ಪಿಸಿ ಎಂಬುದು ಇದೇ ಪುಟಗಳಲ್ಲಿ ಎದುರಿಗೇ ಕಾಣುತ್ತದೆ. ಅದನ್ನು ಈ ಹೊತ್ತಿನಲ್ಲಿ ಮುಟ್ಟಬೇಡಿ, ಏಕೆಂದರೆ ಕಡತಗಳನ್ನು ಉಳಿಸುವ ಆಯ್ಕೆ ಆರಿಸಿದರೂ ಅದು ನೀವು ಹಾಕಿಕೊಂಡಿದ್ದ ತಂತ್ರಾಂಶಗಳನ್ನು ತೆಗೆದುಹಾಕುತ್ತದೆ.

ಕಡತಗಳ ನಕಲು ಇನ್ನೂ ಆಗಿಲ್ಲದಿದ್ದರೆ ಅದನ್ನು ಇಲ್ಲಿಂದಲೇ ಮಾಡಬಹುದು. ರಿಪೇರಿ ಪರಿಸರದ ಕಮಾಂಡ್ ಪ್ರಾಂಪ್ಟಿನಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ನೋಟ್‌ಪ್ಯಾಡ್ ತೆರೆಯುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಎಲ್ಲ ಬಗೆಯ ಕಡತಗಳು ಎಂದು ಆರಿಸಿದರೆ ಡಿಸ್ಕಿನಲ್ಲಿರುವುದೆಲ್ಲ ಕಾಣುತ್ತದೆ. ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ಎಕ್ಸ್‌ಟರ್ನಲ್ ಡ್ರೈವಿಗೆ ಹೋಗಿ ಪೇಸ್ಟ್ ಮಾಡಬಹುದು. ಎಷ್ಟು ಮುಗಿಯಿತು ಎಂದು ಅದು ತೋರಿಸುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ನಕಲಿಸಿ. ಇಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು. ಸಿ ಎಂದಿದ್ದದ್ದು ಡಿ ಆಗಿ ಕಂಡರೆ ಗಾಬರಿ ಬೇಡ. ಇದೂ ಆಗದಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಏಳಿಸಿಯೋ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಯಂತ್ರಕ್ಕೆ ಜೋಡಿಸಿಯೋ ಕಡತಗಳನ್ನು ತೆಗೆಯಬಹುದು.

ಅಪ್‌ಗ್ರೇಡ್ ಆಯಿತು, ಕೆಲಸ ನಡೆಯುತ್ತಿಲ್ಲ

ಹೊಸ ವಿಂಡೋಸ್ ಬಂದು ಪ್ರಿಂಟರ್ ಅಥವಾ ಬೇಕಾದ ತಂತ್ರಾಂಶ ಕೈಕೊಟ್ಟಿದ್ದರೆ, ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದ ರಿಕವರಿ ಪುಟದಲ್ಲಿ ಗೋ ಬ್ಯಾಕ್ ಎಂಬ ಗುಂಡಿ 10 ದಿನಗಳವರೆಗೆ ಇರುತ್ತದೆ. ಹಳೆಯ ವ್ಯವಸ್ಥೆ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಕಾದಿರುತ್ತದೆ. ಜಾಗ ತಿನ್ನುತ್ತಿದೆ ಎಂದು ಅದನ್ನು ಅಳಿಸಿದರೆ ಮರಳುವ ದಾರಿ ಮುಚ್ಚಿದಂತೆ. ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೂ ನೋಡಬೇಕೆನ್ನುವವರಿಗೆ, ಅಪ್‌ಗ್ರೇಡ್ ಆದ ಮೊದಲ ದಿನವೇ ನಾನು ಈ ಆಜ್ಞೆಯನ್ನು ಕೊಟ್ಟಿಡುತ್ತೇನೆ: ಡಿಐಎಸ್‌ಎಂ ಸ್ಲ್ಯಾಶ್ ಆನ್‌ಲೈನ್ ಸ್ಲ್ಯಾಶ್ ಸೆಟ್ ಅಡ್ಡಗೆರೆ ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ ಸ್ಲ್ಯಾಶ್ ವ್ಯಾಲ್ಯೂ, ಆಮೇಲೆ ಎರಡು ಚುಕ್ಕೆಯ ಕೋಲನ್, ಆಮೇಲೆ ಜಾಗ ಬಿಡದೆ 60. ಇದರಿಂದ ಗಡುವು 60 ದಿನಗಳಿಗೆ ಏರುತ್ತದೆ. ಹತ್ತು ದಿನ ಕಳೆದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ಫಾರ್ಮ್ಯಾಟ್ ಅನಿವಾರ್ಯವಾದರೆ

ಮೇಲಿನ ಎಲ್ಲವೂ ಸೋತಾಗ ಮಾತ್ರ ಹೊಸದಾಗಿ ಹಾಕಿ. ಹಾಗೆ ಮಾಡುವಾಗ ಸಾಧ್ಯವಾದರೆ ಹಳೆಯ ಡಿಸ್ಕನ್ನು ಮುಟ್ಟದೆ ಎತ್ತಿಟ್ಟು, ಹೊಸ ಎಸ್‌ಎಸ್‌ಡಿ ಮೇಲೆ ಹಾಕುವಂತೆ ನಾನು ಒತ್ತಾಯಿಸುತ್ತೇನೆ. ಯಂತ್ರ ಚುರುಕಾಗುವುದು ಒಂದು ಲಾಭ. ಮರೆತುಹೋದ ಕಡತ ಹಳೆಯ ಡಿಸ್ಕಿನಲ್ಲಿ ಹಾಗೆಯೇ ಇರುವುದು ಅದಕ್ಕಿಂತ ದೊಡ್ಡ ಲಾಭ. ವಿಂಡೋಸ್ ಪೆನ್‌ಡ್ರೈವ್ ಮಾಡಲು ಮೀಡಿಯಾ ಕ್ರಿಯೇಷನ್ ಟೂಲ್ ಮತ್ತು ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ಬೇಕು. ಅದೇ ಯಂತ್ರದಲ್ಲಿ ಮೊದಲೇ ಅಧಿಕೃತವಾಗಿ ಆಕ್ಟಿವೇಟ್ ಆಗಿದ್ದ ವಿಂಡೋಸ್‌ನ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಕೀ ಕೇಳಿದಾಗ ನನ್ನ ಬಳಿ ಕೀ ಇಲ್ಲ ಎಂದು ಹೇಳಿ ಅದೇ ಆವೃತ್ತಿಯನ್ನು, ಅಂದರೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಆರಿಸಿದರೆ ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ.

ಹಾಕಿ ಮುಗಿದ ಮೇಲೆ ಎತ್ತಿಟ್ಟ ಫಾಂಟ್‌ಗಳನ್ನು ಮೊದಲು ಕೂರಿಸಿ, ಹಳೆಯ ನುಡಿ ಕಡತವೊಂದನ್ನು ತೆರೆದು ಒತ್ತಕ್ಷರಗಳು ಸರಿಯಾಗಿ ಕಾಣುತ್ತವೆಯೇ ಎಂದು ಓದಿ ನೋಡಿ. ಟ್ಯಾಲಿಯಲ್ಲಿ ಕೊನೆಯ ದಿನದ ವೋಚರ್ ತೆರೆದು ಮೊತ್ತ ತಾಳೆ ಮಾಡಿ, ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆಯಿರಿ, ಟೋಕನ್ ಚುಚ್ಚಿ ಸಹಿ ಬೀಳುತ್ತದೆಯೇ ಪರೀಕ್ಷಿಸಿ. ಹಳೆಯ ಡಿಸ್ಕಿಗೆ ದಿನಾಂಕ ಬರೆದ ಚೀಟಿ ಅಂಟಿಸಿ, ಕನಿಷ್ಠ ಎರಡು ತಿಂಗಳು ಒಣಗಿದ ಜಾಗದಲ್ಲಿ ಇಡಿ. ಆ ಅವಧಿಯಲ್ಲಿ ಅದನ್ನು ಬೇರೆ ಕೆಲಸಕ್ಕೆಂದು ಯಾರಾದರೂ ಕೇಳಿದರೂ ಕೊಡಬೇಡಿ.